ಹೊಂಗೆ ಎಣ್ಣೆಯಲ್ಲಿ ಕಂಡ ಐದು ಪರ್ಸೆಂಟ್

2008. ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ನಾನು ಇಂಧನ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಹಿರಿಯ ಕೆಮಿಸ್ಟ್. ಕೋಡಿಹಳ್ಳಿ ಹತ್ತಿರ ಹೊಂಗೆಬೀಜದಿಂದ ಬಯೋಡೀಸೆಲ್ ತೆಗೆಯುತ್ತಿದ್ದ ಶಿವಲಿಂಗ ನನ್ನ ಕಾಲೇಜು ಸಹಪಾಠಿ. ನನ್ನ ರೆಕಾರ್ಡ್ ನೋಡಿ ಬರೆದು ಪಾಸಾದವನು. ಈಗ ಹೋದಲ್ಲೆಲ್ಲ ಅವನಿಗೇ ಹಾರ. ನನ್ನ ಹೆಂಡತಿ ಕೂಡ ಅವನ ಸುದ್ದಿ ಬಂದ ಪೇಪರನ್ನು ಜೋಪಾನವಾಗಿ ಎತ್ತಿಟ್ಟಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವನ ಇಂಧನ ಕೊಳ್ಳಲಿದ್ದ ಕಾರ್ಖಾನೆಯೊಂದು ಮಾದರಿಯನ್ನು ನಮಗೆ ಕಳಿಸಿತು. ಡೀಸೆಲ್ ಬೆರೆಸಿದ್ದರೆ ಆರ್ಡರ್ ರದ್ದು.

ಪರೀಕ್ಷೆ ಕಾರ್ಬನ್-14ರದು. ಗಿಡಗಳು ಗಾಳಿಯಿಂದ ಹೀರುವ ಇಂಗಾಲದಲ್ಲಿ ಇದು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಪೆಟ್ರೋಲಿಯಂನಲ್ಲಿ ಅದೆಲ್ಲ ಕ್ಷಯಿಸಿಹೋಗಿರುತ್ತದೆ. ಅಳೆದರೆ ಗಿಡದ ಪಾಲೆಷ್ಟು, ನೆಲದಡಿಯದೆಷ್ಟು ಎಂದು ತಿಳಿಯುತ್ತದೆ. ನಮ್ಮಲ್ಲಿ ಆ ಯಂತ್ರವಿರಲಿಲ್ಲ, ಹೊರಗೆ ಕಳಿಸಿದೆವು. ವರದಿ ಬಂತು: ಗಿಡದ ಇಂಗಾಲ ಶೇಕಡಾ 95.

ಉಳಿದ ಐದು? ಸಿಕ್ಕಿಬಿದ್ದ ಮಗ! ಅಂದು ಊಟ ರುಚಿಸಿತು. ಫೋನ್ ಮಾಡಿದೆ.

"ಡೀಸೆಲ್ ಒಂದು ತೊಟ್ಟೂ ಹಾಕಿಲ್ಲ ಕಣ್ಲಾ, ನಮ್ಮವ್ವನಾಣೆಗೂ," ಎಂದ. "ಒಸಿ ಸರ್ಯಾಗಿ ನೋಡ್ಲಾ. ಈ ಆರ್ಡರ್ ಹೋದ್ರೆ ಯೂನಿಟ್ ಬಾಗ್ಲು ಹಾಕ್ಬೇಕಾಯ್ತದೆ."

ನೋಡಿದೆ, ಅವನು ಮತ್ತೆ ಎದ್ದೇಳದಂತೆ ಕೆಡವಲು. ಗುಡೇಮಾರನಹಳ್ಳಿಯ ನನ್ನ ಮಾವನ ಹೊಲದ ಬದುವಿನಿಂದ ಹೊಂಗೆಬೀಜ ತರಿಸಿ, ಎಣ್ಣೆ ತೆಗೆಸಿ, ನಾನೇ ಬಯೋಡೀಸೆಲ್ ತಯಾರಿಸಿದೆ. ಡೀಸೆಲ್ ಸೋಂಕದ ಆ ಮಾದರಿಗೆ ನೂರು ಬರಬೇಕು, ಪಕ್ಕದಲ್ಲಿಟ್ಟರೆ ಅವನ ಕಳ್ಳತನ ಎದ್ದು ಕಾಣಬೇಕು. ಬಂದದ್ದು 95.

ತಲೆ ಕೆರೆದುಕೊಂಡು ಕೂತೆ. ಎಣ್ಣೆ ಬಯೋಡೀಸೆಲ್ ಆಗಬೇಕಾದರೆ ಅದಕ್ಕೆ ಮೆಥನಾಲ್ ಸೇರಿಸಬೇಕು. ನಾವು ಬಳಸುವ ಮೆಥನಾಲನ್ನು ಮಾಡುವುದು ನೈಸರ್ಗಿಕ ಅನಿಲದಿಂದ, ಅದೂ ನೆಲದಡಿಯದೇ. ಬಯೋಡೀಸೆಲ್ ಅಣುವಿನ ಹತ್ತೊಂಬತ್ತು ಇಂಗಾಲಗಳಲ್ಲಿ ಒಂದು ಮೆಥನಾಲಿನದು. ಅದೇ ಆ ಐದು ಪರ್ಸೆಂಟ್. ಶಿವಲಿಂಗ ಏನೂ ಬೆರೆಸಿರಲಿಲ್ಲ.

ಹಲ್ಲು ಕಚ್ಚಿಕೊಂಡು ಹಾಗೇ ಬರೆದೆ. ಆರ್ಡರ್ ಉಳಿಯಿತು. ಮರುವಾರ ಲ್ಯಾಬಿಗೇ ಬಂದವನು ಎಲ್ಲರೆದುರು ನನ್ನನ್ನು ತಬ್ಬಿಕೊಂಡ. "ಬೇರೆಯವ್ರಾಗಿದ್ರೆ ಮೊದಲ್ನೇ ರಿಪೋರ್ಟಿಗೇ ಸೈನ್ ಹಾಕ್ಬುಡೋರು. ಫ್ರೆಂಡ್ ಅಂದ್ರೆ ನೀನು ಕಣ್ಲಾ!"

ಶುದ್ಧವೆಂದು ಖಾತ್ರಿಯಿರುವ ಮಾದರಿಯೊಂದನ್ನು ಜೊತೆಗಿಟ್ಟು ಪರೀಕ್ಷಿಸದೆ ಯಾರನ್ನೂ ಕಳ್ಳನೆನ್ನಬಾರದು. ವೃತ್ತಿ ನನಗೆ ಕಲಿಸಿದ ಪಾಠ ಅದು. ಆದರೆ ಅವನು ಬರೀ ಗೆಳೆಯನಾಗಿದ್ದರೆ ನಾನೂ ಮೊದಲ ವರದಿಗೇ ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ. ಅವನನ್ನು ಉಳಿಸಿದ್ದು ನನ್ನ ಹೊಟ್ಟೆಕಿಚ್ಚು. ಹೇಳಿದರೂ ನಂಬುವುದಿಲ್ಲ, ಪುಣ್ಯಾತ್ಮ.