ಎರಡನೆಯ ಮೈಕಿನ ಸರದಿ

ಫಿಲಿಪ್ಪೀನ್ಸಿನ ಇಲೋಕೋಸ್ ಕರಾವಳಿಯ ಪುಟ್ಟ ಬಾನುಲಿ ನಿಲಯಗಳಲ್ಲಿ ರಾಜಕೀಯ ಮಾತಾಡುವವರಿಗೆ ಹೆಸರು ಬರುತ್ತದೆ, ಬೆದರಿಕೆ ಬರುತ್ತದೆ, ನಿವೃತ್ತಿ ಮಾತ್ರ ಬರುವುದಿಲ್ಲ. ಆದ್ದರಿಂದ, ನಾವೆಲ್ಲ ‘ಮನೋಂಗ್’, ಅಂದರೆ ಅಣ್ಣ, ಎಂದು ಕರೆಯುವ ಮಾನ್ಯ ತಿಯೋಫಿಲೋ ಮದಾರಂಗ್ ಅವರು ವಯಸ್ಸು ತುಂಬಿ, ತಮ್ಮ ಕಾಲಿನಿಂದಲೇ ನಡೆದು ನಿಲಯದ ಮೆಟ್ಟಿಲಿಳಿದರೆಂಬುದೇ ಒಂದು ಸಾಧನೆ. ಈ ಅಭಿನಂದನ ಸಂಪುಟಕ್ಕೆ ಅಷ್ಟೇ ಕಾರಣ ಸಾಕು.

ಹೊಗೆಸೊಪ್ಪಿನ ತೆರಿಗೆಹಣ ಯಾರ ಹೊಟ್ಟೆ ಸೇರಿತು, ಕಾಗದದಲ್ಲಷ್ಟೇ ಇರುವ ಸೇತುವೆಯನ್ನು ಮೇಯರರು ಹೇಗೆ ದಾಟುತ್ತಾರೆ ಎಂದು ಅವರು ಬೆಳಗ್ಗೆ ಬೆಳಗ್ಗೆ ಕೇಳುತ್ತಿದ್ದರೆ ಜೀಪ್ನಿ ಚಾಲಕರು ಗಾಡಿ ನಿಲ್ಲಿಸಿ ಆಲಿಸುತ್ತಿದ್ದರು. ಎರಡನೆಯ ಮೈಕಿನಲ್ಲಿ ಅವರ ಜೋಡಿ ಲಿಯಾಂದ್ರೋ ದುಮ್ಲಾವ್. ಮನೋಂಗ್ ಪ್ರಶ್ನೆ ಎತ್ತುವರು, ಲಿಯಾಂದ್ರೋ ಗೇಲಿ ಮಾಡಿ ಮುಗಿಸುವರು. ಅವರ ಮೈಕುಗಳ ಧ್ವನಿಯಂತ್ರದ ಮುಂದೆ ಕೂರುತ್ತಿದ್ದವಳು ನಾನು. ನನ್ನ ಮಗಳಿಗೆ ಡೆಂಗಿ ಬಂದಾಗ, ಮೇಯರರನ್ನು ಬೈಯುವ ನಡುನಡುವೆ ಮನೋಂಗ್ ರಕ್ತ ಬೇಕೆಂದು ಬೇಡಿದರು. ಮೊದಲು ಓಡಿಬಂದು ರಕ್ತ ಕೊಟ್ಟವನು ಮೇಯರರ ಚಾಲಕನೇ.

ಸೇತುವೆಯ ಮಾತು ನಡೆದಿದ್ದ ಒಂದು ಬೆಳಗ್ಗೆ ಬೈಕಿನಲ್ಲಿ ಬಂದವರು ಕಿಟಕಿಯಿಂದ ಗುಂಡು ಹಾರಿಸಿದರು. ಲಿಯಾಂದ್ರೋ ಮೈಕಿನ ಮುಂದೆಯೇ ತೀರಿಕೊಂಡರು, ಆ ಮೈಕಿನ ತಂತಿಯೂ ತುಂಡಾಯಿತು. ಯಾವುದೇ ಜಾಗ ಬಿಟ್ಟು ಹೊರಡುವಾಗ ನಮ್ಮ ಜೀವವನ್ನು ಹೆಸರು ಹಿಡಿದು ‘ಬಾ, ಹೋಗೋಣ’ ಎಂದು ಕರೆಯುವುದು ನಮ್ಮ ಪದ್ಧತಿ. ಕರೆಯದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಆ ಗಡಿಬಿಡಿಯಲ್ಲಿ ಮನೋಂಗರನ್ನು ಎಳೆದೊಯ್ದವರು ಯಾರ ಹೆಸರನ್ನೂ ಕರೆಯಲಿಲ್ಲ. ಲಿಯಾಂದ್ರೋ ಮನೆಯವರಂತೂ ಹೆದರಿ ಊರನ್ನೇ ಬಿಟ್ಟರು.

ಒಂಬತ್ತು ದಿನಗಳ ಪ್ರಾರ್ಥನೆ ಮುಗಿಸಿ ಮನೋಂಗ್ ಮತ್ತೆ ಮೈಕಿಗೆ ಬಂದರು. ಅಂದಿನಿಂದ ಪ್ರಶ್ನೆ ಕೇಳಿ ಸುಮ್ಮನಾಗುವುದು ಅವರ ರೂಢಿಯಾಯಿತು. ಕೇಳುಗರು ಆ ಮೌನವನ್ನು ಧೈರ್ಯವೆಂದು ಕೊಂಡಾಡಿದರು. ನಾನು ಕಂಡದ್ದು ಬೇರೆ. ಆ ಮೌನದಲ್ಲಿ, ತಂತಿಯೇ ಇಲ್ಲದ ಎರಡನೆಯ ಮೈಕಿನ ಧ್ವನಿ ಅಳೆಯುವ ಮುಳ್ಳು ನನ್ನ ಯಂತ್ರದಲ್ಲಿ ಮೆಲ್ಲಗೆ ಏಳುತ್ತಿತ್ತು. ಅದು ಇಳಿದ ಮೇಲೆ ಮನೋಂಗ್ ಗೇಲಿ ಕೇಳಿದವರಂತೆ ನಕ್ಕು ಮಾತು ಮುಂದುವರಿಸುತ್ತಿದ್ದರು.

ಮನೆಯಲ್ಲಿ ಮಾತ್ರ ಅವರು ಬಾಯಿ ಬಿಡುತ್ತಿರಲಿಲ್ಲ. “ಮನೆಗೆ ಬರೋದು ಬರೀ ಪ್ಯಾಂಟು ಷರ್ಟು ಕಣೇ ರುಫಿನಾ, ಮನುಷ್ಯ ಅಲ್ಲೇ ಇರ್ತಾನೆ,” ಎಂದು ಅವರ ಮಡದಿ ಹಸಿಂತಾ ನನ್ನೆದುರು ಕಣ್ಣೀರಿಟ್ಟಿದ್ದರು. ಜೀವ ಕರೆಯಲು ನಿಲಯಕ್ಕೆ ಬರುತ್ತೇನೆಂದರೆ ಗಂಡ ಬಿಡುತ್ತಿರಲಿಲ್ಲವಂತೆ. “ನಾನು ಬಂದ್ಬಿಟ್ರೆ ಅವನೊಬ್ನೇ ಆಗ್ತಾನೆ” ಎಂಬುದೊಂದೇ ಉತ್ತರ. ಲಿಯಾಂದ್ರೋನನ್ನೂ ಕರೆಯಲು, ಸತ್ತವನ ಹಿಂದೆ ಸಾವೂ ಮನೆಗೆ ಬರುತ್ತದೆಂಬ ಹೆದರಿಕೆಯಿಂದ ಹಸಿಂತಾ ಒಪ್ಪುತ್ತಿರಲಿಲ್ಲ.

ಮನೋಂಗರ ಕೊನೆಯ ಕಾರ್ಯಕ್ರಮದಂದು ಹಸಿಂತಾ ಬಾಳೆಲೆಯಲ್ಲಿ ಸುಟ್ಟ ಅಕ್ಕಿಕಡುಬು ಹಿಡಿದು ಸ್ಟುಡಿಯೋಗೇ ಬಂದರು. ಪ್ರಸಾರ ಮುಗಿದು ಕೆಂಪು ದೀಪ ಆರಿತ್ತು. ಗಂಡನನ್ನು ಮನೆಯ ಹೆಸರು ಹಿಡಿದು ಕರೆದರು.

“ಪಿಲೋ, ಬಾ, ಹೋಗೋಣ. ಇಲ್ಲಿ ನಿಂತ್ಕೋಬೇಡ.”

ಮನೋಂಗ್ ಬಾಗಿಲಿಗೆ ಬಂದು ನಿಂತರು. ದಾಟಲಿಲ್ಲ. ಎಲ್ಲ ಮೈಕುಗಳನ್ನೂ ಮುಚ್ಚಿದ್ದೆ. ಎರಡನೆಯ ಮುಳ್ಳು ನಡುಗುತ್ತಿತ್ತು. ನಾನು ಬೆರಳು ತೋರಿಸಿದೆ. ಹಸಿಂತಾ ಅದನ್ನು ನೋಡಿದರು, ಗಂಡನ ಮುಖ ನೋಡಿದರು, ಶಿಲುಬೆಯ ಗುರುತು ಮಾಡಿಕೊಂಡರು.

“ಲಿಯಾಂದ್ರೋ, ನೀನೂ ಬಾರಪ್ಪ. ಎಷ್ಟು ದಿನ ಅಂತ ಇಲ್ಲೇ ಕೂತಿರ್ತೀಯ? ಬಾ, ಊಟಕ್ಕಿದೆ.”

ಮುಳ್ಳು ಮಲಗಿತು. ಮೆಟ್ಟಿಲ ಮೇಲೆ ಮನೋಂಗ್ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಈಗ ಆ ಮನೆಯ ಮೇಜಿನ ಮೇಲೆ ಮೂರು ತಟ್ಟೆಗಳು. “ಇಬ್ಬರ ವಾದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ” ಎಂದು ಹಸಿಂತಾ ದೂರುತ್ತಾರೆ. ದೂರುವಾಗ ಅವರ ಮುಖ ನೋಡಬೇಕು.

ಕಾರ್ಯಕ್ರಮ ಈಗ ನನ್ನದು. ಸೇತುವೆಯ ಪ್ರಶ್ನೆಯನ್ನು ನಾನೂ ಕೇಳುತ್ತೇನೆ, ರೂಢಿಯಿಂದ ಸುಮ್ಮನಾಗುತ್ತೇನೆ, ಮುಳ್ಳು ಏಳುವುದಿಲ್ಲ. ಕಳೆದ ವಾರ ನಿಲಯದ ಬಾಗಿಲಿಗೆ ಶವಕ್ಕಿಡುವ ಪುಷ್ಪಚಕ್ರವೊಂದು ಬಂದಿದೆ, ಅದರ ಪಟ್ಟಿಯ ಮೇಲೆ ನನ್ನ ಹೆಸರಿದೆ. ನನಗೆ ಭಯವಾಗಿದೆ.

ಮನೋಂಗ್, ತಾವು ನೂರ್ಕಾಲ ಬಾಳಿ, ಊಟದ ಮೇಜಿನಲ್ಲೇ ವಾದ ಬೆಳೆಸಿಕೊಂಡು ನಗುತ್ತಿರಿ. ಬೆಳಗ್ಗೆ ಬಾನುಲಿಯನ್ನು ಮಾತ್ರ ತಪ್ಪದೆ ಹಾಕಿ. ಎಂದಾದರೂ ನನ್ನ ಪ್ರಶ್ನೆಯ ನಂತರದ ಮೌನ ತೀರಾ ಉದ್ದವಾದರೆ, ಹಸಿಂತಾ ಅವರನ್ನು ಕರೆದುಕೊಂಡು ಬನ್ನಿ. ಬಾಗಿಲಲ್ಲಿ ನಿಂತು ನನ್ನ ಹೆಸರನ್ನೂ ಕರೆಯಿರಿ.