ವಿಮಾನಕ್ಕೆ ಪರ್ಮಿಷನ್ ಕೇಳಿದ ಸುವರ್ಣಕ್ಕ

ನಾಸಿಕದ ಹತ್ತಿರದ ಓಝರ್‌ನ ನಮ್ಮ ಓಣಿಯ ಮೇಲೆ ಅಲ್ಲಿನ ವಿಮಾನ ಕಾರ್ಖಾನೆಯ ವಿಮಾನ ಹಾದಾಗಲೆಲ್ಲ ಪಕ್ಕದ ಮನೆಯ ಸುವರ್ಣಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಿದ್ದರು. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ಅದನ್ನು ಹಾರಿಸಿದವನು ನಾನೇ ಎಂಬಂತೆ ಕೇಳುತ್ತಿದ್ದರು: "ತಮ್ಮಾ, ಇದಕ್ಕ ಪರ್ಮಿಷನ್ ಅದ ಏನ್ರಿ?"

ನಾನೋ ಆ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಬಿಗಿಯುವವ. "ಅದ ಅಕ್ಕಾ" ಎಂದರೆ, "ಪುಣ್ಯವಂತ ವಿಮಾನ ಬಿಡ್ರಿ!" ಎಂದು ಒಳಹೋಗುತ್ತಿದ್ದರು.

ಆ ತಮಾಷೆಯ ಹಿಂದೆ ಒಂದು ಅವಮಾನವಿತ್ತು. ಕಲಬುರಗಿ ಕಡೆಯ ಅವರು ಗಂಡ ಶರಣಪ್ಪನವರೊಂದಿಗೆ ನಾಸಿಕದಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದರು. ಮದುವೆಗಳನ್ನು ಮೇಲಿನಿಂದ ಚಿತ್ರಿಸಲು ಡ್ರೋನ್ ತಂದದ್ದು ಶರಣಪ್ಪ. ಅದನ್ನು ಹಾರಿಸಲು ಕೈ ಕುದುರಿದ್ದು ಸುವರ್ಣಕ್ಕನಿಗೆ. ಅಷ್ಟರಲ್ಲಿ ಖಾಸಗಿಯವರು ಡ್ರೋನ್ ಹಾರಿಸಬಾರದೆಂದು ಸರ್ಕಾರದ ಅಪ್ಪಣೆಯಾಯಿತು. ಇವರಿಗೆ ಅದು ತಿಳಿದದ್ದು ವೈಜಾಪುರದ ಮದುವೆಯೊಂದರಲ್ಲಿ, ಪೊಲೀಸಿನವನು ಬೀಗರೆಲ್ಲರ ಎದುರು "ಪರ್ಮಿಷನ್ ಕುಠೆ ಆಹೆ?" ಎಂದು, ಪರ್ಮಿಷನ್ ಎಲ್ಲಿ ಅಂತ ಮರಾಠಿಯಲ್ಲಿ ಗದರಿಸಿದಾಗ. "ಹಂದರದಾಗ ಕಳ್ಳಿ ನಿಂತಂಗ ನಿಂತೆ ತಮ್ಮಾ" ಎಂದು ನನ್ನೆದುರು ಕಣ್ಣೀರು ಹಾಕಿದ್ದರು.

ಡ್ರೋನ್ ಪೆಟ್ಟಿಗೆ ಸೇರಿತು. ಬೇರೆಯವರು ಕದ್ದುಮುಚ್ಚಿ ಹಾರಿಸಿ ಮದುವೆಗಳನ್ನೆಲ್ಲ ಬಾಚಿಕೊಂಡರು. ಶರಣಪ್ಪ ಗೊಣಗಿದರೆ, "ರೂಲ್ ಅಂದ್ರ ಅತ್ತಿ ಇದ್ದಂಗ್ರಿ. ಬೈಕೋಬಹುದು, ಮನಿಯಿಂದ ಹೊರಗ ಹಾಕ್ಲಿಕ್ಕ ಬರಲ್ಲ" ಎನ್ನುತ್ತಿದ್ದರು. ಸೋಮವಾರಕ್ಕೊಮ್ಮೆ ಪೆಟ್ಟಿಗೆ ತೆರೆದು, ರೆಕ್ಕೆ ಒರೆಸಿ, ವಿಭೂತಿ ಹಚ್ಚಿ ಮತ್ತೆ ಮುಚ್ಚುವರು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಕೊನೆಗೂ 2018ರಲ್ಲಿ ಹೊಸ ನಿಯಮ ಬಂತು. ಹಾರಿಸಬಹುದು, ಆದರೆ ಹಾರಿಸುವವರು ಇಂಗ್ಲಿಷ್ ಸಮೇತ ಹತ್ತನೆಯ ತರಗತಿ ಪಾಸಾಗಿರಬೇಕು, ತರಬೇತಿಯನ್ನೂ ಪಡೆದಿರಬೇಕು. ಸುವರ್ಣಕ್ಕ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಮದುವೆಯಾದವರು. ಪೇಢೆ ಹಂಚಲು ಹೊರಟಿದ್ದ ಶರಣಪ್ಪ ಡಬ್ಬಿ ಹಿಡಿದುಕೊಂಡೇ ಕುಳಿತುಬಿಟ್ಟರು. "ಹೋಗ್ಲಿ, ನಾನೇ ಪೈಲಟ್ ಆಗ್ತೀನಿ" ಎಂದರು.

"ನೀವು ಹಾರಿಸಿದ್ರ ಅದು ಬೇವಿನ ಗಿಡದಾಗ ಕೂಡ್ತದ!" ಎಂದರು ಸುವರ್ಣಕ್ಕ. "ಹತ್ತನೇದು ತಾನೇ? ಬರೀತೀನಿ. ತಮ್ಮಾ, ನೀವು ಇಂಗ್ಲಿಷ್ ಹೇಳಿಕೊಡ್ರಿ."

ರೊಟ್ಟಿ ಬಡಿಯುತ್ತ ಸ್ಪೆಲಿಂಗ್ ಒಪ್ಪಿಸುವರು; ತಪ್ಪಿದರೆ ಏಟು ರೊಟ್ಟಿಗೆ ಬೀಳುತ್ತಿತ್ತು. ಮಗಳ ವಯಸ್ಸಿನ ಹುಡುಗಿಯರ ನಡುವೆ ಕುಳಿತು ಪರೀಕ್ಷೆ ಬರೆದರು. ಇಂಗ್ಲಿಷಿನಲ್ಲಿ ಹೇಗೋ ದಡ ಮುಟ್ಟಿದರು ಅಷ್ಟೆ, ಆದರೆ ಪಾಸೆಂದರೆ ಪಾಸು! ಓಣಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ತರಬೇತಿಯೂ ಮುಗಿದು ಕಾಗದಗಳೆಲ್ಲ ಕೈಸೇರಿದವು.

ಹಟ ಹಿಡಿದು ಮೊದಲ ಮದುವೆಯನ್ನು ವೈಜಾಪುರದಲ್ಲೇ ಒಪ್ಪಿಕೊಂಡರು. ನಾನೂ ಜೊತೆಗೆ ಹೋದೆ. ಡ್ರೋನ್ ಹಂದರದ ಮೇಲೇರಿದ್ದೇ ತಡ, ಪೊಲೀಸಿನವನೊಬ್ಬ ಬಂದೇ ಬಂದ. "ಪರ್ಮಿಷನ್?"

ಸುವರ್ಣಕ್ಕನ ಮುಖ ಮದುಮಗಳಿಗಿಂತ ಹೆಚ್ಚು ಅರಳಿತು. ಡ್ರೋನನ್ನು ನಿಧಾನವಾಗಿ ಇಳಿಸಿ, ಚೀಲದಿಂದ ಕಾಗದ ತೆಗೆದು ಅವನ ಕೈಗಿಟ್ಟರು. "ವಾಚಾ ಸಾಹೇಬ, ಸಾವಕಾಶ ವಾಚಾ!" ಎಂದು ಓದಲು ಹೇಳಿ ನನ್ನತ್ತ ತಿರುಗಿದರು. "ತಮ್ಮಾ, ಇಷ್ಟು ವರ್ಷ ಈ ಮನಷ್ಯಾನ ದಾರೀನೇ ಕಾಯ್ತಿದ್ದೆ ನೋಡ್ರಿ!" ಪೊಲೀಸಿನವನು ಓದಿ, ನಕ್ಕು, ಸಲಾಮು ಹೊಡೆದು, ತನ್ನದೂ ಒಂದು ಫೋಟೊ ಮೇಲಿನಿಂದ ತೆಗೆಯಿರಿ ಎಂದ. ಶರಣಪ್ಪ ಅಳುತ್ತಿದ್ದರು. ನಾನೂ ಅತ್ತೆ ಅನ್ನಿ.

ಆಮೇಲೆ ವೈಜಾಪುರದಾಚೆ ಶೇಂದ್ರಾದ ಕಾರ್ಖಾನೆಗಳ ಛಾವಣಿಗಳನ್ನು ಡ್ರೋನಿನಿಂದ ನೋಡಿಕೊಡುವ ಕೆಲಸ ಸಿಕ್ಕು ಅವರು ಅಲ್ಲಿಗೇ ಹೊರಟರು. ಹೋಗುವ ದಿನ, ಒಮ್ಮೆ ನಮ್ಮ ಓಣಿಯಲ್ಲೂ ಹಾರಿಸಿ ತೋರಿಸಿ ಎಂದು ಎಲ್ಲರೂ ದುಂಬಾಲು ಬಿದ್ದೆವು. "ವಿಮಾನ ಇಳಿಯೋ ಜಾಗಾದ ಬಾಜೂಕ ಹಾರಿಸ್ಲಿಕ್ಕ ಬರಲ್ರಿ" ಎಂದು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಟೆಂಪೊ ಹತ್ತಿದರು. ಅಷ್ಟರಲ್ಲಿ ವಿಮಾನವೊಂದು ಗುಡುಗುತ್ತ ಹಾದುಹೋಯಿತು. ಈ ಸಲ ನಾನೇ ಕೇಳಿದೆ: "ಅಕ್ಕಾ, ಇದಕ್ಕ ಪರ್ಮಿಷನ್ ಅದ ಏನ್ರಿ?"

ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

"ನಾ ಕೊಟ್ಟೀನ್ರಿ ತಮ್ಮಾ. ಹಾರ್ಲಿ ಬಿಡ್ರಿ!"