ಹೊಳೆ ಬಿಟ್ಟುಕೊಟ್ಟ ಎಮ್ಮೆ

ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿದಾಗ ಮಳೆ ನಿಂತಿತ್ತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ನನ್ನ ಮಂಡಕ್ಕಿ ಚೀಲ ಹೆಂಗಸಲ್ಲವಾದ್ದರಿಂದ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದ. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಡ್ಯಾಂ ನೀರು ಬಿಟ್ಟು ತುಂಗಭದ್ರೆ ಉಕ್ಕಿ, ಹರಿಹರದ ಹೊಳೆದಂಡೆಯಲ್ಲಿದ್ದ ನನ್ನಕ್ಕ ಗೌರಿಯ ಮನೆಗೆ ನೀರು ನುಗ್ಗಿತ್ತು. "ನಾವು ಅರಾಮಿದೀವಿ. ಕೆಂಚಿ ಎಲ್ಲೂ ಕಾಣ್ತಿಲ್ಲ ಕಣೇ" ಎಂದು ಹಿಂದಿನ ದಿನ ಅಕ್ಕ ಫೋನಿನಲ್ಲಿ ಅತ್ತಿದ್ದಳು. ಕೆಂಚಿ ಅವಳ ಒಂದು ಕೋಡು ಮುರಿದ ಎಮ್ಮೆ, ತುಂಬು ಗಬ್ಬ. ಭಾವ ತೀರಿಕೊಂಡ ಮೇಲೆ ಅಕ್ಕ, ಅವಳ ಅತ್ತೆ ಇಬ್ಬರ ಹೊಟ್ಟೆ ತುಂಬುತ್ತಿದ್ದುದು ಅದರ ಹಾಲಿನಿಂದಲೇ.

ಅರ್ಧ ಗಂಟೆಯ ದಾರಿ. ಇಕ್ಕೆಲದ ಗದ್ದೆಗಳಲ್ಲಿ ಭತ್ತದ ತುದಿಯಷ್ಟೇ ಕಾಣುತ್ತಿತ್ತು. ಹರಿಹರದಲ್ಲಿ ಎತ್ತರದಲ್ಲಿದ್ದ ಶಾಲೆಯೊಂದನ್ನು ನೆರೆ ಸಂತ್ರಸ್ತರ ಕಾಳಜಿ ಕೇಂದ್ರ ಮಾಡಿದ್ದರು. ಅಕ್ಕ ಮೂರನೇ ತರಗತಿಯ ಕೋಣೆಯಲ್ಲಿದ್ದಳು. ಓದುವಾಗ ಮೂರನೇ ಕ್ಲಾಸು ದಾಟಲು ಬಹಳ ಕಷ್ಟಪಟ್ಟವಳು ಅವಳು. ಅದನ್ನು ಹೇಳಿ ನಗಿಸಬೇಕೆಂದುಕೊಂಡೆ, ಮುಖ ನೋಡಿ ಬೇಡವೆನಿಸಿತು.

"ಅತ್ತೀನ ಎತ್ಕಂಡು ಓಡೋ ಗಡಿಬಿಡ್ಯಾಗ ಕೆಂಚಿ ಹಗ್ಗ ಬಿಚ್ಚೋದು ಮರ್ತೆ. ಮಲ್ಲಕ್ಕ ಬಿಚ್ಚಿ ಬಿಟ್ಳಂತೆ. ಆಮೇಲೆ ಯಾ ಕಡೆ ಹೋತೋ," ಎಂದಳು ಅಕ್ಕ.

ಪಕ್ಕದ ಮನೆಯ ಮಲ್ಲಕ್ಕ ಅದೇ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಎಮ್ಮೆ ಬಿಡಿಸಿ ಬರುವಷ್ಟರಲ್ಲಿ ಅವಳ ಮನೆಯ ಜೋಳದ ಚೀಲಗಳು ನೀರುಪಾಲಾಗಿದ್ದವು.

"ಹಂಗ್ಯಾಕ ಮಾಡಿದ್ರಿ?" ಎಂದು ಕೇಳಿದೆ.

"ಜ್ವಾಳ ಒದರ್ತೈತೇನವ್ವಾ? ಅದು ಒದರ್ತಿತ್ತು," ಎಂದಳು.

ಮಧ್ಯಾಹ್ನ ಚಿತ್ರಾನ್ನ ಬಡಿಸುತ್ತಿದ್ದಾಗ ಭಾನುವಳ್ಳಿಯಿಂದ ತರಕಾರಿ ತಂದ ಗೂಡ್ಸ್ ಆಟೋದವನು ಬಾಗಿಲಲ್ಲಿ ನಿಂತು ಕೂಗಿದ: "ನಮ್ಮೂರ ದಾರಿ ಹೊಲದಾಗ ಒಂದೆಮ್ಮೆ ಈದೈತ್ರಿ! ಒಂದು ಕೋಡು ಮುರಿದೈತೆ, ಯಾರದು?" ಅಕ್ಕ ಎಂಜಲುಗೈಯಲ್ಲೇ ಎದ್ದಳು. ನಾನೂ ಅದೇ ಆಟೋ ಹತ್ತಿದೆ.

ಕೆಂಚಿಯೇ. ಬೇವಿನ ಮರದಡಿ ಹೆಣ್ಣು ಕರುವನ್ನು ನೆಕ್ಕುತ್ತ ನಿಂತಿತ್ತು. ಹೊಲದವರು ಮುಂದೆ ಮೇವು ಹಾಕಿದ್ದರು. ಅಕ್ಕ ಅದರ ಕುತ್ತಿಗೆ ತಬ್ಬಿ ಅತ್ತಳು, ಹೊಲದವರಿಗೆ ಕೈ ಮುಗಿದಳು. ಅಕ್ಕನ ಮನೆ ಮುಳುಗಿದ ಹೊತ್ತಿನಲ್ಲಿ ನಾನು ಅಷ್ಟೊಂದು ಸಂತೋಷಪಟ್ಟೆನಲ್ಲ ಎಂದು ಈಗಲೂ ಅಚ್ಚರಿ. ಕರು ಹೊಟ್ಟೆ ತುಂಬಾ ಕುಡಿದ ಮೇಲೆ ಅಕ್ಕ ಹಾಲು ಕರೆದು ಶಾಲೆಗೆ ತಂದಳು.

ಗಿಣ್ಣು ಮಾರಬಾರದು, ನೆರೆಹೊರೆಗೆ ಹಂಚಬೇಕು. "ಹಾಲಿದ್ದಾಗ ಹಬ್ಬ ಮಾಡ್ಬೇಕು" ಎನ್ನುತ್ತ ಅಕ್ಕ ಶಾಲೆಯ ಅಡುಗೆಮನೆಯಲ್ಲಿ ಬೆಲ್ಲ ಹಾಕಿ ಕಾಯಿಸಿದಳು. ಕೋಣೆಯವರಿಗೆಲ್ಲ ಚಮಚದಷ್ಟು ಸಿಕ್ಕಿತು. ಮಲ್ಲಕ್ಕನಿಗೆ ಮಾತ್ರ ಪಾತ್ರೆ ತುಂಬಾ.

ಮಲ್ಲಕ್ಕ ಕೈ ಚಾಚಲಿಲ್ಲ. ನಮ್ಮಲ್ಲಿ ಗಿಣ್ಣು ಬಂದ ಪಾತ್ರೆಯನ್ನು ಬರಿದಾಗಿ ಮರಳಿಸುವಂತಿಲ್ಲ. ಹಿಡಿ ಕಾಳೋ ಚೂರು ಬೆಲ್ಲವೋ ಹಾಕಿಯೇ ಕೊಡಬೇಕು.

"ಬ್ಯಾಡ ಗೌರಿ. ಒಂದು ಕಾಳೂ ಉಳಿದಿಲ್ಲ. ಪಾತ್ರೆ ಬರೀದು ಹೆಂಗೆ ಕೊಡ್ಲಿ?"

"ನೀ ಮದ್ಲೇ ತುಂಬಿ ಕೊಟ್ಟೀಯಲ್ಲ ಮಲ್ಲಕ್ಕ," ಎಂದಳು ಅಕ್ಕ. "ತಗಾ."

ಸಂಜೆಯ ಬಸ್ಸಿಗೆ ಹೊರಟು ಬಾಗಿಲಲ್ಲಿ ತಿರುಗಿ ನೋಡಿದೆ. ಇಬ್ಬರೂ ಒಂದೇ ಪಾತ್ರೆಗೆ ಕೈ ಹಾಕಿ ಗಿಣ್ಣು ತಿನ್ನುತ್ತಿದ್ದರು. ನನಗೆ ಹೋಗಿ ಬಾ ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.